ಚಾಲಕರ ವೈದ್ಯಕೀಯ ತಪಾಸಣೆ: ಸಹಿಗೆ ಮೂರು ತಿಂಗಳ ಮುಂಚೆ

ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ಟೆಂಪೊ, ಚಿಂತಾಮಣಿಯಿಂದ ಟೊಮೆಟೊ ತುಂಬಿಕೊಂಡು ರಾತ್ರೋರಾತ್ರಿ ಹೊರಡುವ ಲಾರಿ, ಗೌರಿಬಿದನೂರಿನ ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು, ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ ಸಾಗಿಸುವ ವ್ಯಾನು. ಇವನ್ನೆಲ್ಲ ಓಡಿಸುವವರ ಸಂಸಾರ ನಡೆಯುವುದು ಒಂದು ಲೈಸೆನ್ಸಿನ ಮೇಲೆ. ಆ ಲೈಸೆನ್ಸು ಸಿಗಬೇಕಾದರೂ ನವೀಕರಣವಾಗಬೇಕಾದರೂ ನೋಂದಾಯಿತ ವೈದ್ಯರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಅದೇ ಫಾರಂ 1-ಎ.

ಸಾರಿಗೆ ವಾಹನದ ಲೈಸೆನ್ಸಿನ ಅವಧಿ ಮೊದಲು ಮೂರು ವರ್ಷವಿತ್ತು. 2019ರ ತಿದ್ದುಪಡಿಯ ನಂತರ ಅದು ಐದು ವರ್ಷವಾಗಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಆದರೂ ಬಹಳ ಮಂದಿ ಕೊನೆಯ ವಾರ ಬಂದು, 'ಸಾರ್, ಒಂದು ಸಹಿ ಹಾಕಿಕೊಡಿ, ಗಾಡಿ ನಿಂತುಬಿಟ್ಟಿದೆ' ಎನ್ನುತ್ತಾರೆ. ಆಗ ದೋಷ ಕಂಡರೆ ಅದನ್ನು ಸರಿಪಡಿಸಲು ವೈದ್ಯರಿಗೂ ಸಮಯವಿಲ್ಲ, ಚಾಲಕರಿಗೂ ಇಲ್ಲ.

ವೈದ್ಯರು ಏನು ನೋಡುತ್ತಾರೆ?

ಫಾರಂ 1-ಎ ಕೇಳುವ ಪ್ರಶ್ನೆಗಳು ಕೆಲವೇ. ದೃಷ್ಟಿದೋಷ ಇದೆಯೇ, ಇದ್ದರೆ ಕನ್ನಡಕದಿಂದ ಸರಿಹೋಗಿದೆಯೇ? ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲರೇ? ಹಾರ್ನ್ ಮುಂತಾದ ಸಾಮಾನ್ಯ ಸದ್ದು ಕೇಳಿಸುತ್ತದೆಯೇ? ಇರುಳುಗುರುಡು ಇದೆಯೇ? ವಾಹನ ಓಡಿಸಲು ಅಡ್ಡಿಯಾಗುವ ಅಂಗದೋಷವಿದೆಯೇ? ಕೆಂಪು, ಹಸಿರು ಬಣ್ಣಗಳ ಪರೀಕ್ಷೆಯೂ ಉಂಟು. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ 2020ರಲ್ಲಿ ನಿಯಮ ಸಡಿಲವಾಗಿದೆ, ತೀವ್ರವಾಗಿದ್ದರೆ ಅವಕಾಶವಿಲ್ಲ.

ನಂಬರ್ ಪ್ಲೇಟ್ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಿಕೊಳ್ಳಬಹುದು. ನಿಂತ ಗಾಡಿಯಿಂದ ಸುಮಾರು ಮೂವತ್ತೈದು ಹೆಜ್ಜೆ ದೂರ ಹೋಗಿ, ಒಂದೊಂದೇ ಕಣ್ಣು ಮುಚ್ಚಿ ಓದಿ ನೋಡಿ. ಒಂದು ಕಣ್ಣು ಮಸುಕಾಗಿದ್ದರೂ ಇನ್ನೊಂದು ಕಣ್ಣು ಅದನ್ನು ಮರೆಮಾಚುತ್ತದೆ. ಎಷ್ಟೋ ಮಂದಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ರಾತ್ರಿಯ ನೋಟ

2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೊ ಡಿಕ್ಕಿ ಹೊಡೆದು 13 ಮಂದಿ ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಅಂದು ಮಂಜು ಕವಿದಿತ್ತು. ಅಂಥ ಮಂಜಿನಲ್ಲಿ ಒಳ್ಳೆಯ ಕಣ್ಣಿಗೂ ದಾರಿ ಕಾಣುವುದು ಕಷ್ಟ. ದೋಷವಿರುವ ಕಣ್ಣಿನ ಗತಿ ಏನೆಂದು ಬೇರೆ ಹೇಳಬೇಕಿಲ್ಲ.

ಎದುರಿನ ದೀಪ ಕಣ್ಣಿಗೆ ಚುಚ್ಚಿದಂತಾಗಿ ಬೆಳಕು ಹರಡಿಕೊಂಡರೆ ಕಣ್ಣಿನ ಪೊರೆ ಶುರುವಾಗಿರಬಹುದು. ಇದರ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಚಿಕಿತ್ಸೆಯ ನಂತರ ಕನ್ನಡಕದ ನಂಬರು ನಿಲ್ಲಲು ಒಂದು ತಿಂಗಳಾದರೂ ಬೇಕು. ಕತ್ತಲೆಯಲ್ಲಿ ಕಾಣದಿರುವುದು ವಂಶದಲ್ಲಿ ಬರುವ ಅಕ್ಷಿಪಟಲದ ರೋಗದಿಂದಲೂ ಆಗಬಹುದು. ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧದ ಮದುವೆಗಳು ನಡೆದಿರುವ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಅಂಥವರು ಕಣ್ಣಿನ ತಜ್ಞರನ್ನೇ ಕಾಣಬೇಕು.

ಫಾರಂ ಹೆಸರಿಸದ ಕಾಯಿಲೆಗಳು

ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರೆಯ ದೋಷ ಇವುಗಳ ಹೆಸರು ಆ ಪ್ರಶ್ನೆಗಳಲ್ಲಿಲ್ಲ. ಅಷ್ಟರಿಂದ ಅವು ಲೆಕ್ಕಕ್ಕಿಲ್ಲ ಎಂದು ತಿಳಿಯಬಾರದು. ಸ್ಟಿಯರಿಂಗ್ ಹಿಡಿದಾಗಲೇ ಪ್ರಜ್ಞೆ ತಪ್ಪಿಸಬಲ್ಲವು ಇವೇ.

ಸಕ್ಕರೆ ಹೆಚ್ಚಾಗುವುದಕ್ಕಿಂತ ಚಾಲಕರಿಗೆ ತಕ್ಷಣದ ಅಪಾಯ ಅದು ಇಳಿದಾಗ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು, ಲೋಡಿನ ಆತುರದಲ್ಲಿ ಊಟ ಬಿಟ್ಟರೆ ಬೆವರು, ನಡುಕ, ಮಂಪರು ಬರುತ್ತದೆ. ಕೂಡಲೇ ಗಾಡಿ ಬದಿಗೆ ನಿಲ್ಲಿಸಿ, ಮೂರು ನಾಲ್ಕು ಚಮಚ ಸಕ್ಕರೆ ತಿಂದು, ಅನಂತರ ಏನಾದರೂ ಆಹಾರ ಸೇವಿಸಬೇಕು. ಪೂರ್ತಿ ಚೇತರಿಸಿಕೊಂಡು ಮುಕ್ಕಾಲು ಗಂಟೆ ಕಳೆಯುವವರೆಗೆ ಗಾಡಿ ಎತ್ತಬಾರದು. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ.

ಗೊರಕೆಯ ವಿಷಯ ಹೆಂಡತಿಗೇ ಚೆನ್ನಾಗಿ ಗೊತ್ತಿರುತ್ತದೆ. ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ, ಹಗಲಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರೆ, ಮನೆಯವರು ಅದನ್ನು ವೈದ್ಯರಿಗೆ ತಿಳಿಸಬೇಕು. ಇದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಕೆಲವು ಮಾತ್ರೆ, ಕೆಮ್ಮಿನ ಸಿರಪ್‌ಗಳೂ ನಿದ್ದೆ ತರಿಸುತ್ತವೆ.

ನಮ್ಮ ಸೀಮೆಯದೇ ಇನ್ನೊಂದು ತೊಂದರೆ ಫ್ಲೋರೈಡ್. ಇಲ್ಲಿನ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಅದು ಮಿತಿಮೀರಿದೆ. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನು, ಕುತ್ತಿಗೆ ಬಿಗಿಯಾಗುತ್ತವೆ. ಕುತ್ತಿಗೆ ತಿರುಗದಿದ್ದರೆ ಅಡ್ಡರಸ್ತೆಯಿಂದ ನುಗ್ಗುವ ಬೈಕು ಕಾಣುವುದಿಲ್ಲ. ಕುತ್ತಿಗೆ ಹಿಡಿದಂತಿದ್ದರೆ ಮುಚ್ಚಿಡದೆ ತೋರಿಸಿ. ಶುದ್ಧೀಕರಿಸಿದ ನೀರು ಬಳಸಿ.

ಮುಚ್ಚಿಡಬಾರದ ಸತ್ಯ

ಅರ್ಜಿದಾರರು ತಾವೇ ತುಂಬಿ ಸಹಿ ಮಾಡುವ ಫಾರಂ 1ರ ಮೊದಲ ಪ್ರಶ್ನೆಯೇ ಮೂರ್ಛೆರೋಗ ಮತ್ತು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದನ್ನು ಕುರಿತದ್ದು. ಇಲ್ಲಿ ಸುಳ್ಳು ಬರೆಯುವವರು ಕೆಟ್ಟವರೇನಲ್ಲ. ಸ್ಟಿಯರಿಂಗ್ ಬಿಟ್ಟರೆ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಚಿಂತೆ ಅವರದು. ಆ ಚಿಂತೆ ನಿಜ. ಆದರೆ ಮೂರ್ಛೆರೋಗವಿರುವವರು ಭಾರಿ ವಾಹನ ಓಡಿಸುವುದು ಸಲ್ಲದು. ಅವರಿಗೆ ಕ್ಲೀನರ್ ಕೆಲಸವೋ, ಮಂಡಿಯ ಲೆಕ್ಕದ ಕೆಲಸವೋ, ಬೇರೆ ದಾರಿ ಹುಡುಕುವುದೇ ಮನೆಯವರ ಹೊಣೆ. ಉಳಿದ ಬಹುಪಾಲು ಕಾಯಿಲೆಗಳು ಚಿಕಿತ್ಸೆಗೆ ಬಗ್ಗುತ್ತವೆ, ಲೈಸೆನ್ಸೂ ಉಳಿಯುತ್ತದೆ.

ಸಿದ್ಧತೆ ಹೇಗೆ?

ಲೈಸೆನ್ಸು ಮುಗಿಯುವ ಮೂರು ತಿಂಗಳ ಮುಂಚೆ ಕಣ್ಣು, ರಕ್ತದೊತ್ತಡ, ಸಕ್ಕರೆ ಮೂರನ್ನೂ ತೋರಿಸಿಕೊಳ್ಳಿ. ಒತ್ತಡ ಹತೋಟಿಗೆ ಬರಲು ವಾರಗಳೇ ಬೇಕು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನು ಒಂದು ದಿನದ ಉಪವಾಸದಿಂದ ವಂಚಿಸಲಾಗದು.

ತಪಾಸಣೆಯ ಹಿಂದಿನ ರಾತ್ರಿ ಲಾರಿ ಓಡಿಸದೆ ನಿದ್ದೆ ಮಾಡಿ. ಎಂದಿನ ಮಾತ್ರೆಗಳನ್ನು ಬಿಡಬೇಡಿ. ಒತ್ತಡ ಅಳೆಯುವ ಅರ್ಧ ಗಂಟೆ ಮುಂಚೆ ಬೀಡಿ, ಕಾಫಿ ಬೇಡ. ಮೂತ್ರ ವಿಸರ್ಜಿಸಿ, ಐದು ನಿಮಿಷ ಸುಮ್ಮನೆ ಕುಳಿತಿರಿ. ಕನ್ನಡಕ, ಹಳೆಯ ಚೀಟಿಗಳು, ನುಂಗುತ್ತಿರುವ ಮಾತ್ರೆಗಳು ಕೈಯಲ್ಲಿರಲಿ.

ಚಾಲಕರನ್ನು ನೋಡದೆಯೇ ಸಹಿ ಹಾಕಿಕೊಡುವವರು ಅಲ್ಲಲ್ಲಿ ಸಿಗಬಹುದು. ಆ ಕಾಗದ ಕಚೇರಿಯ ಕಿಟಕಿಯನ್ನು ದಾಟಿಸೀತು, ಹೆದ್ದಾರಿಯ ತಿರುವನ್ನು ದಾಟಿಸಲಾರದು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ, ಇವತ್ತೇ ಲೈಸೆನ್ಸು ತೆಗೆದು ಅದರ ಕೊನೆಯ ದಿನಾಂಕ ನೋಡಿಕೊಳ್ಳುವುದು ಒಳ್ಳೆಯದು.