ಒಂದೇ ಚರಿತೆ, ನಾಲ್ಕು ಸುವಾರ್ತೆ

ಕೊಪ್ಪಳದ ಸಮೀಪದ ಕಿನ್ನಾಳವು ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಬೆಸೆದು, ಬಣ್ಣ ಬಳಿಯುತ್ತಾರೆ. ಮಗುವಿನ ಕೈಗೆ ಕೊಡುವ ಗರುಡನೂ ಪೂಜೆಗೆ ಇಡುವ ಗರುಡನೂ ಒಬ್ಬನೇ. ಆದರೆ ಅಳತೆ, ನಿಲುವು, ಮುಖಭಾವ ಬೇರೆ. ಯಾರಿಗಾಗಿ, ಏತಕ್ಕಾಗಿ ಎಂಬುದೇ ರೂಪವನ್ನು ನಿರ್ಣಯಿಸುತ್ತದೆ.

ಕಥೆಗೂ ಈ ಮಾತು ಸಲ್ಲುತ್ತದೆ. 941ರಲ್ಲಿ ಭಾರತವನ್ನು ರಚಿಸಿದ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ತನ್ನ ಅರಸ ಅರಿಕೇಸರಿಯನ್ನೇ ಕವಿ ಅರ್ಜುನನಲ್ಲಿ ಕಂಡನಷ್ಟೆ. ಗದುಗಿನ ಕುಮಾರವ್ಯಾಸನಲ್ಲಿ ಆಕೆ ಐವರ ಮಡದಿ. ಕೃಷ್ಣನೇ ಅವನ ಕಾವ್ಯದ ಜೀವಾಳ. ನಾವು ಎರಡನ್ನೂ ಉಳಿಸಿಕೊಂಡಿದ್ದೇವೆ.

ಕ್ರೈಸ್ತರ ಹೊಸ ಒಡಂಬಡಿಕೆಯ ಮೊದಲಲ್ಲಿ ಯೇಸುವಿನ ಚರಿತೆ ನಾಲ್ಕು ಸಲ ಬರುತ್ತದೆ. ಹೇಳಿದವರು ಮತ್ತಾಯ, ಮಾರ್ಕ, ಲೂಕ, ಯೋಹಾನರೆಂದು ಸಂಪ್ರದಾಯ. ಇವು ಕಾವ್ಯಗಳಲ್ಲ, ಸಾಕ್ಷ್ಯಗಳು. ಸಾಕ್ಷಿಗಳ ಮಾತು ಬೇರೆಬೇರೆಯಾದರೆ ನಂಬುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ.

ವ್ಯತ್ಯಾಸಗಳು ಸಣ್ಣವಲ್ಲ. ಹುಟ್ಟಿದ ಶಿಶುವನ್ನು ಕಾಣಲು ಮತ್ತಾಯನಲ್ಲಿ ಮೂಡಣದ ಜೋಯಿಸರು ಬರುತ್ತಾರೆ, ಲೂಕನಲ್ಲಿ ಕುರುಬರು. ಮಾರ್ಕನು ಜನನದ ಕಥೆಯನ್ನೇ ಹೇಳುವುದಿಲ್ಲ. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗ ಮೂವರಲ್ಲಿ ಕಡೆಯ ದಿನಗಳದು, ಯೋಹಾನನಲ್ಲಿ ಮೊದಲಿನದು. ಶಿಲುಬೆಯ ಮೇಲಿನ ಕೊನೆಯ ಮಾತು ಮಾರ್ಕನಲ್ಲಿ ಕೈಬಿಡಲ್ಪಟ್ಟವನ ಕೂಗು. ಲೂಕನಲ್ಲಿ ತಂದೆಗೆ ಆತ್ಮವನ್ನೊಪ್ಪಿಸುವ ನೆಮ್ಮದಿ. ಯೋಹಾನನಲ್ಲಿ ಕಾರ್ಯ ಮುಗಿಯಿತೆಂಬ ತೃಪ್ತಿ.

ಇದಕ್ಕೆ ಕಾರಣಗಳುಂಟು. ಯೇಸು ತಾನಾಗಿ ಏನನ್ನೂ ಬರೆದಿಡಲಿಲ್ಲ. ಮಾತು ಹಲವು ವರ್ಷ ಬಾಯಿಂದ ಬಾಯಿಗೆ ಸಾಗಿತು. ಸುಮಾರು 70ರ ಹೊತ್ತಿಗೆ ಮಾರ್ಕನ ಸುವಾರ್ತೆ ಮೊದಲು ರಚಿತವಾಯಿತೆಂದೂ, ಮತ್ತಾಯ ಲೂಕರು ಅದನ್ನು ಬಳಸಿಕೊಂಡರೆಂದೂ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆದುದರಿಂದಲೇ ಈ ಮೂವರಲ್ಲಿ ಅಷ್ಟೊಂದು ಹೋಲಿಕೆ. ವ್ಯತ್ಯಾಸವಾದರೋ ಕೇಳುವವರನ್ನು ಅನುಸರಿಸಿದ್ದು. ಯೆಹೂದ್ಯ ಶಾಸ್ತ್ರ ಬಲ್ಲವರಿಗೆ ಹೇಳುವ ಮತ್ತಾಯನು, ಮೋಶೆಯನ್ನು ನೆನಪಿಸುವಂತೆ, ಯೇಸುವನ್ನು ಬೆಟ್ಟದ ಮೇಲೆ ಕುಳ್ಳಿರಿಸಿ ಬೋಧಿಸುತ್ತಾನೆ. ಬಡವರ ಪಕ್ಷ ವಹಿಸುವ ಲೂಕನಲ್ಲಿ ಅಂಥದೇ ಬೋಧನೆ ಸಮತಟ್ಟಾದ ನೆಲದಲ್ಲಿ ನಡೆಯುತ್ತದೆ.

ನಾಲ್ಕನ್ನೂ ಹೆಣೆದು ಒಂದಾಗಿಸಿದರೆ ತೊಡಕು ತೀರದೇ? ಸುಮಾರು 170ರಲ್ಲಿ ತಾತಿಯಾನನೆಂಬವನು ಹಾಗೆಯೇ ಮಾಡಿದ. ಸಿರಿಯಾದ ಸಭೆಗಳು ಅವನ ಗ್ರಂಥವನ್ನು ಬಹುಕಾಲ ಓದಿದವು. ಐದನೆಯ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನೇ ಅಲ್ಲಿ ಇಡಿಸಿದ. ಕಥೆ ನಯವಾಗಲೆಂದು ಸಾಕ್ಷಿಗಳ ದನಿಯನ್ನು ಅಡಗಿಸುವುದು ಸಭೆಗೆ ಒಪ್ಪಿಗೆಯಾಗಲಿಲ್ಲ.

ಬಳ್ಳಾರಿಯಲ್ಲಿ ನೆಲಸಿದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅಲ್ಲಿಯೂ ನಾಲ್ಕು ನಾಲ್ಕಾಗಿಯೇ ಉಳಿದವು. ನಂಬುವವರಾಗಲಿ ನಂಬದವರಾಗಲಿ, ಅವನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಬೇಕು. ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಯೇ ಹೇಳಿದವನ ಮನಸ್ಸು ಸ್ಪಷ್ಟವಾಗಿ ತಿಳಿಯುತ್ತದೆ.