ಫಲಕವಿಲ್ಲದ ವಿಶ್ವವಿದ್ಯಾನಿಲಯ

ಮಾಣಿಯಿಂದ ಮೈಸೂರಿನತ್ತ ಹೊರಟ ಹೆದ್ದಾರಿ ಪುತ್ತೂರು, ಕನಕಮಜಲು ಕಳೆದು ಜಾಲ್ಸೂರಿಗೆ ಬಂದಾಗ ಬಲಕ್ಕೊಂದು ದಾರಿ ಕವಲೊಡೆಯುತ್ತದೆ. ಅದು ಪಂಜಿಕಲ್ಲು, ಆದೂರು, ಮುಳ್ಳೇರಿಯ, ಚೆರ್ಕಳದ ಮೂಲಕ ಕಾಸರಗೋಡಿಗೆ ಇಳಿಯುತ್ತದೆ. ನೇರ ಹೋದರೆ ಅಡ್ಕಾರು, ಪೈಚಾರು, ಆಮೇಲೆ ಸುಳ್ಯ. ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ ಎಲ್ಲವೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸುವ ಕವಲು ಇದು. ಬೆಳಿಗ್ಗೆ ಕಾಸರಗೋಡಿನ ಕಡೆಯಿಂದ ಬರುವ ಬಸ್ಸುಗಳಲ್ಲಿ ಪುಸ್ತಕದ ಚೀಲ ಹೊತ್ತ ಹುಡುಗ ಹುಡುಗಿಯರು ಇರುತ್ತಾರೆ. ಅವರಲ್ಲಿ ಹಲವರ ದಾರಿ ಮುಗಿಯುವುದು ಸುಳ್ಯದ ಕುರುಂಜಿಬಾಗ್‌ನಲ್ಲಿ.

ಅಲ್ಲಿ ಕಲೆ, ವಾಣಿಜ್ಯ, ವಿಜ್ಞಾನದ ಪದವಿ ಕಾಲೇಜಿದೆ. ಎಂಜಿನಿಯರಿಂಗ್ ಇದೆ, ಪಾಲಿಟೆಕ್ನಿಕ್ ಇದೆ. ದಂತವೈದ್ಯ, ಆಯುರ್ವೇದ, ವೈದ್ಯಕೀಯ, ನರ್ಸಿಂಗ್, ಕಾನೂನು ಎಲ್ಲವೂ ಒಬ್ಬರೇ ಕಟ್ಟಿದ ಸಂಸ್ಥೆಯ ಕೊಂಬೆಗಳಾಗಿ ಒಂದು ಸಣ್ಣ ಪೇಟೆಯ ಸುತ್ತ ಬೆಳೆದಿವೆ. ಇಷ್ಟೆಲ್ಲ ಇರುವ ಊರಿಗೆ ವಿಶ್ವವಿದ್ಯಾನಿಲಯ ಎಂಬ ಫಲಕ ಮಾತ್ರ ಇಲ್ಲ. ಬಿ.ಎ. ಮುಗಿಸಿದವರಿಗೆ ಮಂಗಳೂರು ವಿಶ್ವವಿದ್ಯಾನಿಲಯದ ಪದವಿ, ಎಂಜಿನಿಯರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ್ದು, ವೈದ್ಯರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ್ದು, ವಕೀಲರಿಗೆ ಹುಬ್ಬಳ್ಳಿಯದ್ದು. ಒಂದೇ ಗುಡ್ಡೆಯ ಸುತ್ತ ಕಲಿತವರ ಪ್ರಮಾಣಪತ್ರಗಳು ನಾಲ್ಕು ಊರುಗಳಿಂದ ಬರುತ್ತವೆ.

ಈ ಸಂಸ್ಥೆಯನ್ನು ಕಟ್ಟಿದವರು ಕುರುಂಜಿ ವೆಂಕಟ್ರಮಣ ಗೌಡರು. ಹುಟ್ಟಿದ್ದು 1928ರ ಡಿಸೆಂಬರ್ 26ರಂದು, ಸುಳ್ಯದ ಕೃಷಿಕ ಮನೆತನದಲ್ಲಿ. ಸುಳ್ಯದವರು ಅವರನ್ನು ‘ಕುರುಂಜಿಯವರು’ ಎಂದೇ ಕರೆಯುತ್ತಾರೆ, ಮುದ್ರಣದಲ್ಲಿ ‘ಕೆವಿಜಿ’. ಆಧುನಿಕ ಸುಳ್ಯದ ಶಿಲ್ಪಿ ಎಂಬ ಬಿರುದು ಅವರ ಹೆಸರಿನ ಹಿಂದೆ ಮುಂದೆ ಎಷ್ಟು ಸಲ ಬಂದಿದೆಯೆಂದರೆ, ಆ ಮಾತಿನಲ್ಲಿರುವ ನಿಜ ನಮಗೆ ಈಗ ಕಾಣದಂತಾಗಿದೆ. ಆ ನಿಜ ಕಾಣಬೇಕಾದರೆ 1976ಕ್ಕಿಂತ ಹಿಂದಿನ ಸುಳ್ಯವನ್ನು ನೆನೆಯಬೇಕು.

ಆಗ ಇಲ್ಲಿನ ಮಕ್ಕಳಿಗೆ ಕಾಲೇಜು ಎಂದರೆ ಬೇರೆ ಊರು. ಪುತ್ತೂರಿನಲ್ಲಿ 1958ರಿಂದ ಸೇಂಟ್ ಫಿಲೋಮಿನಾ, 1965ರಿಂದ ವಿವೇಕಾನಂದ ಕಾಲೇಜು ಇದ್ದವು. ಘಟ್ಟ ಹತ್ತಿದರೆ ಮಡಿಕೇರಿಯ ಸರಕಾರಿ ಕಾಲೇಜು, ಗಡಿಯಾಚೆ ಕಾಸರಗೋಡಿನ ಸರಕಾರಿ ಕಾಲೇಜು. ಮಂಗಳೂರು 80 ಕಿ.ಮೀ.ಗೂ ಆಚೆ. ಪುತ್ತೂರು ದೂರವಲ್ಲ ಎಂದು ನಕ್ಷೆ ನೋಡಿದವರಿಗೆ ಅನ್ನಿಸೀತು. ಮರ್ಕಂಜದಿಂದಲೋ ಆಲೆಟ್ಟಿಯಿಂದಲೋ ಹೊರಟವರಿಗೆ ಮೊದಲು ಹೊಳೆ, ಆಮೇಲೆ ಕಾಲುದಾರಿ, ಆಮೇಲೆ ಬಸ್ಸು. ಮಳೆಗಾಲದಲ್ಲಿ ಮೂರೂ ನಂಬುವಂಥವಲ್ಲ. ಗಂಡುಮಕ್ಕಳನ್ನು ನೆಂಟರ ಮನೆಯಲ್ಲಿಯೋ ಹಾಸ್ಟೆಲಿನಲ್ಲಿಯೋ ಬಿಡಬಹುದಿತ್ತು. ಹೆಣ್ಣುಮಕ್ಕಳ ಓದು ಬಹಳ ಮನೆಗಳಲ್ಲಿ ಹೈಸ್ಕೂಲಿಗೇ ನಿಲ್ಲುತ್ತಿತ್ತು.

ಅಡಕೆಯ ಲೆಕ್ಕವೂ ಇದರಲ್ಲಿ ಸೇರಿದೆ. 1970ರ ಆಸುಪಾಸಿನಲ್ಲಿ ಅಡಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ಅದರ ಬೆನ್ನಿಗೇ 1973ರಲ್ಲಿ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ತೋಟವೊಂದನ್ನೇ ನಂಬಿದರೆ ಮುಂದಿನ ತಲೆಮಾರಿಗೆ ಗತಿಯೇನು ಎಂಬ ಪ್ರಶ್ನೆ ಮನೆಮನೆಯಲ್ಲಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ, 1976ರಲ್ಲಿ, ವೆಂಕಟ್ರಮಣ ಗೌಡರು ಅಕಾಡೆಮಿ ಆಫ್ ಲಿಬರಲ್ ಎಜುಕೇಶನ್ ಎಂಬ ಸಂಸ್ಥೆಯ ಮೂಲಕ ನೆಹರೂ ಮೆಮೋರಿಯಲ್ ಕಾಲೇಜು ತೆರೆದರು. ಸಂಸ್ಥೆಯ ಹೆಸರನ್ನೊಮ್ಮೆ ಗಮನಿಸಬೇಕು. ಎಂಜಿನಿಯರಿಂಗ್, ವೈದ್ಯಕೀಯದ ಹೊಳಹೂ ಅದರಲ್ಲಿಲ್ಲ. ಉದಾರ ಶಿಕ್ಷಣ, ಅಂದರೆ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನದ ತಳಪಾಯ. ಮೊದಲು ಬಂದದ್ದು ಅದೇ.

ಆಗ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿದ್ದವು. 1980ರಲ್ಲಿ ಕೊಣಾಜೆಯ ಸ್ನಾತಕೋತ್ತರ ಕೇಂದ್ರವೇ ಮಂಗಳೂರು ವಿಶ್ವವಿದ್ಯಾನಿಲಯವಾದಾಗ ಸುಳ್ಯಕ್ಕೂ ಹತ್ತಿರದ ಯಜಮಾನ ಸಿಕ್ಕ ಹಾಗಾಯಿತು. ಇದರಿಂದ ಆದ ಒಂದು ಲಾಭವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ನೆಹರೂ ಮೆಮೋರಿಯಲ್ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪುರುಷೋತ್ತಮ ಬಿಳಿಮಲೆಯವರು ಸುಳ್ಯ ಪರಿಸರದ ಗೌಡ ಜನಾಂಗವನ್ನೇ ವಸ್ತುವಾಗಿ ತೆಗೆದುಕೊಂಡು ಮಂಗಳೂರು ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪ್ರಭಾಕರ ಶಿಶಿಲರು ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ ಬರೆದರು, ಕಾದಂಬರಿಕಾರರೂ ಆದರು. ಪಾಠ ಒಪ್ಪಿಸಿ ಸಂಬಳ ಎಣಿಸುವ ಜಾಗವಾಗಿದ್ದರೆ ಇಂಥವರು ಅಲ್ಲಿ ಬೆಳೆಯುತ್ತಿರಲಿಲ್ಲ.

ಇದರ ಬೆಲೆ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸುಳ್ಯದ ಪಕ್ಕದ ಪೆರಾಜೆಯ ಕೋಡಿ ಕುಶಾಲಪ್ಪ ಗೌಡರು ತಮ್ಮ ಮನೆಮಾತಾದ ಅರೆಭಾಷೆಗೆ ಭಾಷಾಶಾಸ್ತ್ರದ ನೆಲೆಯಲ್ಲಿ ವಿವರಣೆ ಬರೆದರು. ‘ಗೌಡ ಕನ್ನಡ’ ಎಂಬ ಆ ಗ್ರಂಥ 1970ರಲ್ಲಿ ಪ್ರಕಟವಾದದ್ದು ತಮಿಳುನಾಡಿನ ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ. ಪಯಸ್ವಿನಿ ದಂಡೆಯ ಮಾತನ್ನು ವಿದ್ವತ್ತಿಗೆ ಒಳಪಡಿಸಲು ಕಾವೇರಿಯ ಬಯಲು ದಾಟಿ ಅಷ್ಟು ದೂರ ಹೋಗಬೇಕಾಯಿತು. ಆ ಅಣ್ಣಾಮಲೈಯೂ ಸರಕಾರದ ಸಂಕಲ್ಪದಿಂದ ಮೊಳೆತದ್ದಲ್ಲ. ಅಣ್ಣಾಮಲೈ ಚೆಟ್ಟಿಯಾರರು 1920ರಲ್ಲಿ ಒಂದು ಸಣ್ಣ ದೇಗುಲದೂರಿನಲ್ಲಿ ಕಾಲೇಜು ತೆರೆದರು. ಒಂದಕ್ಕೊಂದು ಕೂಡಿಸುತ್ತಾ ಹೋದರು. 1929ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಒಬ್ಬ ಮನುಷ್ಯನ ಹಟ, ಒಂದು ಸಣ್ಣ ಊರು, ಮೊದಲು ಒಂದು ಕಾಲೇಜು. ಸುಳ್ಯದ ಕಥೆ ಇದಕ್ಕೆ ದೂರದ್ದೇನಲ್ಲ. ನಮ್ಮ ಕರಾವಳಿಯಲ್ಲೇ ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಮಣಿಪಾಲ ಡೀಮ್ಡ್ ವಿಶ್ವವಿದ್ಯಾನಿಲಯವಾದದ್ದು 1993ರಲ್ಲಿ, ನಾಲ್ಕು ದಶಕಗಳ ಮೇಲೆ.

1986ರಲ್ಲಿ ಎರಡು ಸಂಗತಿಗಳು ನಡೆದವು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಸುಳ್ಯದಲ್ಲಿ ಕೆವಿಜಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಒಂದು ಸಹಕಾರದ ದಾರಿ, ಇನ್ನೊಂದು ಖಾಸಗಿ ಸಾಹಸದ ದಾರಿ. ಎರಡರ ಹಿಂದೆಯೂ ಕೃಷಿಕರ ಮಕ್ಕಳ ಭವಿಷ್ಯದ ಚಿಂತೆ ಇತ್ತು. 1991ರಲ್ಲಿ ದಂತ ವೈದ್ಯಕೀಯ ಕಾಲೇಜು, ಅದೇ ದಶಕದಲ್ಲಿ ಆಯುರ್ವೇದ ಕಾಲೇಜು, ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಕಾಲೇಜು ಬಂದವು.

ಅದು ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳ ಸುಗ್ಗಿಯ ಕಾಲ, ಅಷ್ಟೇ ಜಗಳದ ಕಾಲ. 1984ರಲ್ಲಿ ಡೊನೇಶನ್ ನಿಷೇಧಿಸುವ ಕಾಯ್ದೆ ಬಂತು. ಫೀಸಿನ ವಿಚಾರವಾಗಿ ಸುಪ್ರೀಂ ಕೋರ್ಟಿನಲ್ಲಿ 1992ರಲ್ಲಿ ಮೋಹಿನಿ ಜೈನ್ ಪ್ರಕರಣ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣ, 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ). 2002ರ ಅಕ್ಟೋಬರ್‌ನಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಖಾಸಗಿಯವರು ಶಿಕ್ಷಣಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು ಎತ್ತಿಹಿಡಿಯಿತು. ದುಡ್ಡು ಕೊಟ್ಟು ಸೀಟು ಪಡೆಯುವ ವ್ಯವಸ್ಥೆಯನ್ನು ಈ ಲೇಖನ ಸಮರ್ಥಿಸುವುದಿಲ್ಲ. ಎಕರೆ ತೋಟದ ರೈತನ ಮಗಳಿಗೆ ವೈದ್ಯಕೀಯ ಇಂದಿಗೂ ದುಬಾರಿಯೇ. ಆದರೆ ಸಿಇಟಿ ಬಂದ ಮೇಲೆ ರ‍್ಯಾಂಕ್ ಹಿಡಿದು ಬಂದ ಮಕ್ಕಳಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಒಂದು ಸೀಟು ಸಿಗುವ ದಾರಿ ತೆರೆದದ್ದೂ ನಿಜ.

ಜಾಲ್ಸೂರು ಕವಲಿನ ಆಚೆಯವರಿಗೆ ಇದರಲ್ಲಿ ಇನ್ನೊಂದು ಎಳೆಯಿದೆ. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಹೈಸ್ಕೂಲಿನ ನಂತರದ ದಾರಿ ಇಕ್ಕಟ್ಟಾಯಿತು. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಹತ್ತಿರ ಕಾಲೇಜೂ ಬೇಕು. ಆದೂರಿನವರಿಗೆ, ದೇಲಂಪಾಡಿಯವರಿಗೆ ಆ ಹತ್ತಿರದ ಊರು ಸುಳ್ಯ. ಗಡಿ ಅತ್ತ ಇತ್ತ ಎಳೆದರೂ ಹೊಳೆ ಒಂದೇ: ನಮ್ಮ ಪಯಸ್ವಿನಿಯೇ ಅಲ್ಲಿ ಚಂದ್ರಗಿರಿ.

ಆಸ್ಪತ್ರೆಯ ಮಾತು ಹೇಳದೆ ಮುಂದೆ ಹೋಗಲಾಗದು. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಕಡ್ಡಾಯ. ಆ ನಿಯಮದಿಂದಾಗಿ ಸಂಪಾಜೆ ಘಟ್ಟದ ಬುಡದಲ್ಲಿ ತಜ್ಞ ವೈದ್ಯರು ಸಿಗುವಂತಾಯಿತು. ಹೆರಿಗೆಗೋ, ಹಾವು ಕಡಿದಾಗಲೋ, ಅಡಕೆ ಮರದಿಂದ ಬಿದ್ದಾಗಲೋ ಮಂಗಳೂರಿನ ದಾರಿಯಲ್ಲೇ ಜೀವ ಹೋದ ಕಥೆಗಳು ಈ ತಾಲೂಕಿನ ಹಳೆಯ ಮನೆಗಳಲ್ಲಿ ಇವೆ.

2013ರ ಆಗಸ್ಟ್ 7ರಂದು ವೆಂಕಟ್ರಮಣ ಗೌಡರು ತೀರಿಕೊಂಡರು. ಅವರ ಸಂಸ್ಥೆಯ ಮುಂದೆ ವಿಶ್ವವಿದ್ಯಾನಿಲಯವಾಗುವ ದಾರಿಗಳು ಇದ್ದವು. ಯುಜಿಸಿ ಕಾಯ್ದೆಯ 3ನೇ ಸೆಕ್ಷನ್ನಿನ ಅಡಿಯಲ್ಲಿ ಡೀಮ್ಡ್ ಆಗಬಹುದು: ನಿಟ್ಟೆ, ಯೆನೆಪೋಯ 2008ರಲ್ಲಿ ಆದದ್ದು ಹಾಗೆ. ವಿಧಾನಮಂಡಲದ ಪ್ರತ್ಯೇಕ ಕಾಯ್ದೆಯಿಂದಲೂ ಆಗಬಹುದು: ಮಂಗಳೂರಿನ ಶ್ರೀನಿವಾಸ ವಿಶ್ವವಿದ್ಯಾನಿಲಯದ ದಾರಿ ಅದು. ಸ್ವಾಯತ್ತತೆ ಇಲ್ಲದೆ ಸಂಯೋಜಿತ ಕಾಲೇಜಾಗಿ ಉಳಿದವರಿಗೆ ತಮ್ಮ ಪಠ್ಯವನ್ನು ತಾವೇ ಬರೆಯುವ ಸ್ವಾತಂತ್ರ್ಯ ಇಲ್ಲ. ವಿಶ್ವವಿದ್ಯಾನಿಲಯದ ಸ್ಥಳೀಯ ವಿಚಾರಣಾ ಸಮಿತಿ (ಎಲ್‌ಐಸಿ) ಬಂದು ಗ್ರಂಥಾಲಯ, ಲ್ಯಾಬ್ ಎಣಿಸಿ ಹೋಗುವುದೂ ತಪ್ಪದು. ಆದರೂ ಹೀಗೆ ಉಳಿದದ್ದರಲ್ಲಿ ನಷ್ಟವೇ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಸ್ವಂತ ಫಲಕ ಹಾಕಿದ ಎಷ್ಟೋ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರದ ವಿಭಾಗಗಳೇ ಇಲ್ಲ. ಸುಳ್ಯದಲ್ಲಿ ಅವು ಮೊದಲು ಹುಟ್ಟಿದವು, ಉಳಿದವು ಆಮೇಲೆ ಬಂದವು.

ನನ್ನ ಆತಂಕ ಬೇರೆ. ಫೀಸು ತರುವ ಕೋರ್ಸುಗಳ ನಡುವೆ ಫೀಸು ತರದ ಕಲಾ ವಿಭಾಗ ಸೊರಗುವುದು ಎಲ್ಲ ಕಡೆಯ ಅನುಭವ. 1837ರಲ್ಲಿ ಇದೇ ನೆಲದಿಂದ ಹೊರಟು ಮಂಗಳೂರಿನ ಬಾವುಟಗುಡ್ಡದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಾವುಟ ಇಳಿಸಿದ ರೈತರ ದಂಗೆಯ ಮೇಲೆ, ಅದರ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಮೇಲೆ ಕೆಲಸ ಮಾಡುವ ಯುವ ಸಂಶೋಧಕರು ಇಲ್ಲಿಂದಲೇ ಬರಬೇಕು. ಅರೆಭಾಷೆಯ ಮಾತು, ಹಾಡು, ಒಗಟು ಗೊತ್ತಿರುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇನ್ನೊಂದು ಕೆಲಸ ತೋಟದಲ್ಲೇ ಕಾದಿದೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗ ಅಡಕೆ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ರೋಗದ ವಿಜ್ಞಾನವನ್ನು ಕಾಸರಗೋಡು, ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ನೋಡುತ್ತಿದ್ದಾರೆ. ತೋಟ ಹೋದ ಮನೆಗಳ ಸಾಲ, ಮಕ್ಕಳ ವಲಸೆ, ಹೊಸ ಬೆಳೆ, ಆರೋಗ್ಯ ಇವನ್ನೆಲ್ಲ ಒಟ್ಟಿಗೆ ನೋಡಲು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವೈದ್ಯಕೀಯ, ಎಂಜಿನಿಯರಿಂಗ್ ನಾಲ್ಕೂ ಬೇಕು. ನಾಲ್ಕೂ ಸುಳ್ಯದಲ್ಲಿವೆ. ಒಂದು ಮೇಜಿನ ಸುತ್ತ ಅವರನ್ನು ಕೂರಿಸಲು ಯಾವ ಕಾಯ್ದೆಯೂ ಬೇಕಿಲ್ಲ, ಈ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.