ಅಂಗಿಯ ಮೇಲೆ ಬರೆದ ಊರು

2002ರ ಜೂನ್ 30. ಜಪಾನಿನ ಯೊಕೊಹಾಮ ನಗರದ ಕ್ರೀಡಾಂಗಣ. ಜರ್ಮನಿಯನ್ನು ಎರಡು ಗೋಲುಗಳಿಂದ ಸೋಲಿಸಿದ ಬ್ರೆಜಿಲ್ ತಂಡದ ನಾಯಕನು ಕಾಲ್ಚೆಂಡಿನ ವಿಶ್ವಕಪ್ಪನ್ನು ಸ್ವೀಕರಿಸುವ ಗಳಿಗೆ. ಆತನು ನೆಲದ ಮೇಲೆ ನಿಂತು ಅದನ್ನು ಎತ್ತಲಿಲ್ಲ. ಅಲ್ಲಿದ್ದ ಪೀಠವನ್ನೇ ಏರಿ, ಎರಡು ಕೈಗಳಿಂದಲೂ ಮೇಲೆತ್ತಿ ಹಿಡಿದನು. ಆತನ ಹಳದಿ ಅಂಗಿಯ ಮೇಲೆ ಯಾವುದೋ ಬರಹವಿದ್ದಿತು: ‘ನೂರಕ್ಕೆ ನೂರು ಜಾರ್ದಿಂ ಇರೇನೆ’. ಟೆಲಿವಿಷನ್ನಿನಲ್ಲಿ ಅದನ್ನು ಕಂಡ ಜಗತ್ತಿನ ಬಹುಮಂದಿಗೆ ಆ ಹೆಸರು ಹೊಸದು.

ಜಾರ್ದಿಂ ಎಂದರೆ ಉದ್ಯಾನ. ಆದರೆ ಸಾವೊ ಪಾಲೊ ಮಹಾನಗರದ ದಕ್ಷಿಣದ ಅಂಚಿನಲ್ಲಿರುವ ಆ ಬಡವರ ಬಡಾವಣೆಯಲ್ಲಿ ಉದ್ಯಾನದ ಸೊಬಗು ಹೆಸರಿಗೆ ಮಾತ್ರ. ಮಾರ್ಕೊಸ್ ಎವಾಂಜೆಲಿಸ್ತಾ ದ ಮೊರಾಯಿಸ್ ಬೆಳೆದುದು ಅಲ್ಲಿಯೇ. ಆತನು ಹುಟ್ಟಿದುದು 1970ರ ಜೂನ್ 7ರಂದು. ಮೆಕ್ಸಿಕೋದ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತಂಡವು ಇಂಗ್ಲೆಂಡನ್ನು ಸೋಲಿಸಿದ ದಿನವೂ ಅದೇ. ಕಫುರಿಂಗಾ ಎಂಬ ಆಟಗಾರನನ್ನು ಹೋಲುವನೆಂದು ‘ಕಫು’ ಎಂಬ ಅಡ್ಡಹೆಸರು ಬಂದಿತು, ಅದೇ ಸ್ಥಿರವಾಯಿತು.

ಹುಡುಗನು ಕ್ಲಬ್ಬಿನಿಂದ ಕ್ಲಬ್ಬಿಗೆ ಪರೀಕ್ಷೆಗೆಂದು ಅಲೆದನು. ಕೊರಿಂಥಿಯನ್ಸ್, ಪಾಲ್ಮೇರಾಸ್, ಸಾಂಟೋಸ್—ಎಲ್ಲೆಡೆಯೂ ಬೇಡವೆಂಬ ಉತ್ತರವೇ. ಕೊನೆಗೆ ಕೈಹಿಡಿದುದು ಸಾವೊ ಪಾಲೊ ಕ್ಲಬ್ಬು. ಅಲ್ಲಿಯ ತರಬೇತುದಾರ ತೆಲೆ ಸಾಂತಾನ ಆತನನ್ನು ಬಲಬದಿಯ ರಕ್ಷಕನನ್ನಾಗಿ ಮಾಡಿದನು. 1992 ಮತ್ತು 1993ರಲ್ಲಿ ಆ ತಂಡವು ದಕ್ಷಿಣ ಅಮೆರಿಕದ ಕ್ಲಬ್ಬುಗಳ ಹಿರಿಯ ಪ್ರಶಸ್ತಿಯಾದ ಲಿಬರ್ತದೋರೆಸ್ ಕಪ್ಪನ್ನು ಗೆದ್ದಿತು. ಒಮ್ಮೆ ಹಿಂದಕ್ಕೆ ಕಳುಹಿಸಿದ್ದ ಪಾಲ್ಮೇರಾಸ್ ತಂಡವೇ ಮುಂದೆ ಆತನನ್ನು ಕರೆದುಕೊಂಡಿತು!

ರಕ್ಷಕನ ಕೆಲಸ ಎದುರಾಳಿಯನ್ನು ತಡೆಯುವುದು. ಕಫು ಅಷ್ಟಕ್ಕೇ ನಿಲ್ಲುವವನಲ್ಲ. ಬಲಗೆರೆಯ ಗುಂಟ ಮುನ್ನುಗ್ಗಿ ಚೆಂಡನ್ನು ಗೋಲಿನ ಮುಂದಕ್ಕೆ ಒದೆದು, ಎದುರಾಳಿ ತಿರುಗಿಬೀಳುವಷ್ಟರಲ್ಲಿ ತನ್ನ ಸ್ಥಾನಕ್ಕೆ ಮರಳಿರುತ್ತಿದ್ದನು. ತೊಂಬತ್ತು ನಿಮಿಷವೂ ಇದೇ ಓಟ. 1997ರಲ್ಲಿ ರೋಮಾ ತಂಡವನ್ನು ಸೇರಿದಾಗ ಇಟಲಿಯವರು ಆತನಿಗೆ ತಮ್ಮ ವೇಗದ ರೈಲಿನ ಹೆಸರನ್ನೇ ಇಟ್ಟರು: ‘ಪೆಂದೊಲೀನೊ’. 2001ರಲ್ಲಿ ರೋಮಾ ಇಟಲಿಯ ಲೀಗನ್ನು ಗೆದ್ದಿತು. ಆತನು 2003ರಲ್ಲಿ ಮಿಲಾನ್ ತಂಡಕ್ಕೆ ಹೋಗಿ, 2008ರಲ್ಲಿ ಆಟದಿಂದ ನಿವೃತ್ತನಾದನು.

1994ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಜಾರ್ಜಿನ್ಯೊ ಗಾಯಗೊಂಡುದರಿಂದ, ಬದಲಿ ಆಟಗಾರನಾಗಿ ಕಫು ಕಣಕ್ಕಿಳಿದನು, ಬ್ರೆಜಿಲ್ ಗೆದ್ದಿತು. 1998ರಲ್ಲಿ ಫ್ರಾನ್ಸಿನೆದುರು ಸೋಲು. 2002ರಲ್ಲಿ ನಾಯಕನಾಗಿದ್ದ ಎಮರ್ಸನ್ ಪಂದ್ಯಾವಳಿಯ ಹೊಸ್ತಿಲಲ್ಲಿ ಗಾಯಗೊಂಡುದರಿಂದ ನಾಯಕತ್ವ ಈತನಿಗೆ ಬಂದಿತು. ಹೀಗೆ ಮೂರು ವಿಶ್ವಕಪ್ ಅಂತಿಮ ಪಂದ್ಯಗಳಲ್ಲಿ ಆಡಿದವನು, 2022ರ ಪಂದ್ಯಾವಳಿ ಮುಗಿಯುವವರೆಗೆ, ಇವನೊಬ್ಬನೇ. ಬ್ರೆಜಿಲಿನ ಪರವಾಗಿ ಆಡಿದ ಪಂದ್ಯಗಳು 142.

ಅಂಗಿಯ ಮೇಲಿನ ಮಾತು ಒಂದು ದಿನದ ಉತ್ಸಾಹವಾಗಿರಲಿಲ್ಲ. 2004ರಲ್ಲಿ ಆತನು ಜಾರ್ದಿಂ ಇರೇನೆಯ ಮಕ್ಕಳಿಗಾಗಿ ತನ್ನ ಹೆಸರಿನ ಪ್ರತಿಷ್ಠಾನವೊಂದನ್ನು ತೆರೆದನು. ಹಣದ ಅಡಚಣೆಯಿಂದ 2019ರಲ್ಲಿ ಅದರ ಬಾಗಿಲು ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನ ಮಗನು, ಮನೆಯಲ್ಲಿ ಕಾಲ್ಚೆಂಡಾಡುತ್ತಿದ್ದಾಗ ಅಸ್ವಸ್ಥನಾಗಿ, ಮೂವತ್ತರ ಪ್ರಾಯದಲ್ಲಿಯೇ ತೀರಿಕೊಂಡನು. ಜೀವಮಾನವೆಲ್ಲ ಎದುರಾಳಿಗಳನ್ನು ತಡೆದವನಿಗೆ ಇವೆರಡನ್ನು ತಡೆಯಲಾಗಲಿಲ್ಲ.

ಆದರೆ ಹದಿನೈದು ವರ್ಷಗಳ ಕಾಲ ಆ ಬಡಾವಣೆಯ ಮಕ್ಕಳಿಗೆ ಹೋಗಲೊಂದು ಬಾಗಿಲು ಇದ್ದಿತು. ಪರೀಕ್ಷೆಗೆ ಹೋದಲ್ಲೆಲ್ಲ ಬೇಡವೆನಿಸಿಕೊಂಡಿದ್ದ ಹುಡುಗನು ತೆರೆದ ಬಾಗಿಲು ಅದು.